ಹಳೆಯ ಬೆರಕೆ, ಹೊಸ ಹೆಸರು

ನೈಸರ್ಗಿಕ ಅನಿಲಕ್ಕೆ ಜಲಜನಕ ಬೆರೆಸಿ ಬಸ್ಸು ಓಡಿಸುವುದನ್ನು ತೀರ ಹೊಸ ಸಾಹಸವೆಂದು ಬಣ್ಣಿಸುವುದುಂಟು. ಚರಿತ್ರೆಯನ್ನು ತಿರುವಿ ನೋಡಿದರೆ ನನಗೆ ಹಾಗೆ ತೋರುವುದಿಲ್ಲ. ಬೆರಕೆ ಹಳೆಯದು, ಹೆಸರು ಮಾತ್ರ ಹೊಸದು.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ನಗರಗಳ ಬೀದಿಗಳನ್ನು ಬೆಳಗುತ್ತಿದ್ದುದು ಕಲ್ಲಿದ್ದಲ ಅನಿಲ. ಗಾಳಿಯಾಡದ ಭಟ್ಟಿಯಲ್ಲಿ ಕಲ್ಲಿದ್ದಲನ್ನು ಕಾಯಿಸಿ ಅದನ್ನು ಪಡೆಯುತ್ತಿದ್ದರು. ಕಲ್ಕತ್ತೆಗೂ 1857ರಲ್ಲಿ ಆ ದೀಪಗಳು ಬಂದವು. ಬೆಂಗಳೂರಿನ ಬೀದಿಗಳು ಸೀಮೆಎಣ್ಣೆಯ ದೀಪಗಳನ್ನು ಬಿಟ್ಟು 1905ರಲ್ಲಿ ನೇರವಾಗಿ ವಿದ್ಯುತ್ತಿಗೆ ಹಾರಿದ್ದರಿಂದ ನಮಗೆ ಅದರ ಪರಿಚಯ ಕಡಿಮೆ. ಆ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಲಜನಕ, ಮೂರರಲ್ಲೊಂದು ಪಾಲಿನಷ್ಟು ಮೀಥೇನ್. ಉಳಿದುದರಲ್ಲಿ ವಿಷಕಾರಿಯಾದ ಇಂಗಾಲದ ಮಾನಾಕ್ಸೈಡೂ ಇತ್ತು. ನೈಸರ್ಗಿಕ ಅನಿಲವೂ ಬಹುಪಾಲು ಮೀಥೇನೇ. ಎರಡಕ್ಕೂ ಇರುವ ನೆಂಟಸ್ತಿಕೆ ಇದರಿಂದ ತಿಳಿಯುತ್ತದೆ.

ಯಂತ್ರಗಳ ಮೊದಲ ಆಹಾರವೂ ಅದೇ. ಪ್ಯಾರಿಸಿನ ಲೆನ್ವಾರ್ 1860ರಲ್ಲಿ, ಜರ್ಮನಿಯ ಆಟೊ 1876ರಲ್ಲಿ ಓಡಿಸಿ ತೋರಿಸಿದ ಎಂಜಿನುಗಳು ಕಲ್ಲಿದ್ದಲ ಅನಿಲವನ್ನೇ ಉಂಡವು. ಮೊದಲನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದಾದಾಗ ಇಂಗ್ಲೆಂಡಿನ ಬಸ್ಸುಗಳು ಆ ಅನಿಲ ತುಂಬಿದ ದೊಡ್ಡ ಚೀಲವನ್ನು ತಲೆಯ ಮೇಲೆ ಹೊತ್ತು ಓಡಿದವು. ಒಂದು ಗ್ಯಾಲನ್ ಪೆಟ್ರೋಲಿನ ಕೆಲಸಕ್ಕೆ 250ರಿಂದ 300 ಘನ ಅಡಿ ಅನಿಲ ಬೇಕು. ಹೀಗಾಗಿ ಕೆಲವೇ ಮೈಲಿಗಳಲ್ಲಿ ಚೀಲ ಬರಿದು! ಎರಡನೆಯ ಮಹಾಯುದ್ಧದಲ್ಲಿ ನಮ್ಮ ಮೈಸೂರು ಸೀಮೆಯ ಬಸ್ಸುಗಳೂ ಇದ್ದಲ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡವು. ಆ ಅನಿಲದಲ್ಲಿ ಜಲಜನಕ ಅಲ್ಪ, ಕಸುವೂ ಅಲ್ಪ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತೆಂದು ಹಿರಿಯರು ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ.

ಅಂದು ಬೆರಕೆಗೆ ಕಾರಣ ಇಂಧನದ ಅಭಾವ. ಇಂದು ಹೊಗೆಯ ಭಯ. ಮೀಥೇನಿನ ಉರಿ ನಿಧಾನ, ಜಲಜನಕದ ಉರಿ ಬಲು ಚುರುಕು. ಅದು ಸ್ವಲ್ಪ ಸೇರಿದರೂ ಉರಿ ಬೇಗ ಹಬ್ಬಿ, ಅರೆಬೆಂದ ಅನಿಲ ಹೊರಬೀಳುವುದು ತಗ್ಗುತ್ತದೆ. ಆದರೆ ಕಾವು ಏರಿದರೆ ಸಾರಜನಕದ ಆಕ್ಸೈಡುಗಳು ಹೆಚ್ಚುತ್ತವೆ; ಗಾಳಿಯ ಪ್ರಮಾಣವನ್ನು ಹೆಚ್ಚಿಸಿ ಹದಗೊಳಿಸಬೇಕು. ಅಮೆರಿಕದ ಕೊಲರಾಡೊದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇಂಥ ಬೆರಕೆಗೆ ‘ಹೈಥೇನ್’ ಎಂದು ಹೆಸರಿಟ್ಟು ಓಡಿಸಿ ನೋಡಿದರು.

ನಮ್ಮ ದೇಶದಲ್ಲಿ ಈ ಕಥೆ ದೆಹಲಿಯದು. ಎಂ. ಸಿ. ಮೆಹ್ತಾ ಅವರು 1985ರಲ್ಲಿ ಹೂಡಿದ ಮೊಕದ್ದಮೆಯ ಫಲವಾಗಿ, ನಗರದ ಬಸ್ಸುಗಳೆಲ್ಲ ನೈಸರ್ಗಿಕ ಅನಿಲಕ್ಕೆ ಬದಲಾಗಬೇಕೆಂದು ಸುಪ್ರೀಂ ಕೋರ್ಟು 1998ರಲ್ಲಿ ಆಜ್ಞೆ ಮಾಡಿತು. 2002ರ ಕೊನೆಯ ಹೊತ್ತಿಗೆ ಆ ಕೆಲಸ ಮುಗಿಯಿತು. ಆದರೂ ದೆಹಲಿಯ ಚಳಿಗಾಲದ ಆಕಾಶ ತಿಳಿಯಾಗಲಿಲ್ಲ. 2020ರ ಅಕ್ಟೋಬರಿನಲ್ಲಿ ರಾಜಘಾಟ್ ಡಿಪೋದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಹೊಸ ಸ್ಥಾವರವನ್ನು ತೆರೆದು, ಶೇಕಡಾ 18 ಜಲಜನಕವಿರುವ ಅನಿಲವನ್ನು 50 ಬಸ್ಸುಗಳಿಗೆ ಕೊಡುವ ಪ್ರಯೋಗವನ್ನು ಆರಂಭಿಸಿತು.

ಇಲ್ಲಿ ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕು. ಅದೇ ಗಾತ್ರದ ಮೀಥೇನಿನಲ್ಲಿರುವ ಶಕ್ತಿಯ ಮೂರನೆಯ ಒಂದಂಶ ಮಾತ್ರ ಜಲಜನಕದಲ್ಲಿದೆ. ಆದ್ದರಿಂದ ಗಾತ್ರದಲ್ಲಿ ಶೇಕಡಾ 18 ಎಂದರೆ ಶಕ್ತಿಯಲ್ಲಿ ಶೇಕಡಾ 6ರಷ್ಟೇ. ಅದಲ್ಲದೆ ರಾಜಘಾಟಿನ ಸ್ಥಾವರದಲ್ಲಿ ಜಲಜನಕ ಬರುವುದೂ ನೈಸರ್ಗಿಕ ಅನಿಲದಿಂದಲೇ. ಹಬೆಯೊಡನೆ ಕಾಯಿಸಿ ಅದರ ಒಂದಂಶವನ್ನು ಮಾರ್ಪಡಿಸುತ್ತಾರೆ. ಆಗ ಇಂಗಾಲದ ಡೈಆಕ್ಸೈಡ್ ಹುಟ್ಟದೆ ಇರುವುದಿಲ್ಲ.

ಹಾಗೆಂದು ಪ್ರಯೋಗ ವ್ಯರ್ಥವೆಂದು ನಾನು ಹೇಳಲಾರೆ. ಬಸ್ ನಿಲ್ದಾಣದಲ್ಲಿ ನಿಂತು ಉಸಿರಾಡುವವರಿಗೆ ವಿಷ ಸ್ವಲ್ಪ ಕಡಿಮೆಯಾದರೂ ಅದು ಲಾಭವೇ. ಆದರೆ ಬೀದಿಯ ಗಾಳಿ ಬೇರೆ, ಭೂಮಿಯ ಕಾವು ಬೇರೆ. ಎಂಜಿನು ಈ ಬೆರಕೆಯಿಂದ ಓಡುತ್ತದೆಯೇ ಎಂಬ ಪ್ರಶ್ನೆಗೆ ಕಲ್ಲಿದ್ದಲ ಅನಿಲದ ಕಾಲದಲ್ಲೇ ಉತ್ತರ ಸಿಕ್ಕಿದೆ. ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆನ್ನುತ್ತಾರೆ. ಜಲಜನಕದ ಮೂಲವನ್ನು ಮಾತ್ರ ಕೆದಕಿಯೇ ನೋಡಬೇಕು. ಅದು ಬಿಸಿಲು ಗಾಳಿಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಬಂದುದಾದರೆ ಬೆರಕೆಗೆ ಅರ್ಥವುಂಟು. ಇಲ್ಲವಾದರೆ ಹೊಗೆ ಬೀದಿಯಿಂದ ಸ್ಥಾವರಕ್ಕೆ ಮನೆ ಬದಲಿಸಿತಷ್ಟೇ.