ದೀರ್ಘರೋಗಗಳ ಪಾಲನೆಯೂ ಪೇಟೆಯ ವೈದ್ಯರೂ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ವಯಸ್ಸಾದವರಿರುವ ಮನೆಗಳಲ್ಲಿ, ಬೇರೆ ಬೇರೆ ದವಾಖಾನೆಗಳ ಚೀಟಿಗಳೂ ಅರ್ಧ ಮುಗಿದ ಗುಳಿಗೆಗಳ ಪಟ್ಟಿಗಳೂ ತುಂಬಿದ ಒಂದು ಪ್ಲಾಸ್ಟಿಕ್ ಚೀಲ ಗೂಡಿನಲ್ಲಿರುವುದು ಈಗ ಅಪರೂಪವಲ್ಲ. ಸಕ್ಕರೆ ಕಾಯಿಲೆಗೆಂದು ವಿದ್ಯಾನಗರದ ದೊಡ್ಡಾಸ್ಪತ್ರೆ ಬರೆದುಕೊಟ್ಟದ್ದು ಒಂದು, ಮೊಣಕಾಲಿನ ನೋವಿಗೆ ಎಲುಬಿನ ಡಾಕ್ಟರು ಬರೆದದ್ದು ಇನ್ನೊಂದು, ದಮ್ಮು ಹೆಚ್ಚಾದಾಗ ಓಣಿಯ ಡಾಕ್ಟರು ಕೊಟ್ಟದ್ದು ಮತ್ತೊಂದು. ನೋವಿನ ಗುಳಿಗೆಯು ಬಹುಕಾಲ ನುಂಗಿದವರ ರಕ್ತದೊತ್ತಡವನ್ನು ಏರಿಸಬಲ್ಲುದು, ಮೂತ್ರಪಿಂಡವನ್ನು ಕೆಡಿಸಬಲ್ಲುದು. ದಮ್ಮಿಗೆ ನುಂಗಿಸುವ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಹೆಚ್ಚಿಸುವುದು. ಮೂರು ಚೀಟಿಗಳೂ ಪ್ರತ್ಯೇಕವಾಗಿ ನಿರ್ದೋಷವಾಗಿದ್ದರೂ, ಅವನ್ನು ಒಟ್ಟಿಗೆ ಇಟ್ಟು ಓದುವ ಒಬ್ಬರಿಲ್ಲದಿದ್ದರೆ ರೋಗಿಗೆ ಹಾನಿ ತಪ್ಪಿದ್ದಲ್ಲ. ಆ ಒಬ್ಬರು ಯಾರಾಗಿರಬೇಕೆಂಬುದರ ಸುತ್ತಲೇ ದೀರ್ಘರೋಗ ಪಾಲನೆಯೆಂಬ ಶಾಸ್ತ್ರವು ಬೆಳೆದು ಬಂದಿದೆಯೆಂದು ನನ್ನ ಅಭಿಪ್ರಾಯ.

ಧಾರವಾಡ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ ಸಾಮಾನ್ಯ ಜನರ ಪಾಲಿಗೆ ಒದಗುತ್ತಿದ್ದ ಆಧುನಿಕ ವೈದ್ಯನು ಬಹುಮಟ್ಟಿಗೆ ಪದವೀಧರನಲ್ಲ, ಲೈಸೆನ್ಸಿಯೇಟ್ ಪರೀಕ್ಷೆ ಮುಗಿಸಿ ಪೇಟೆಯೊಂದರಲ್ಲಿ ನೆಲೆಸಿದವನು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿ 1946ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿಯ ಗಣನೆಯಂತೆ ಅಂದಿನ ಭಾರತದ ಸುಮಾರು 47,500 ನೋಂದಾಯಿತ ವೈದ್ಯರಲ್ಲಿ ಸುಮಾರು 30,000 ಮಂದಿ ಇಂತಹವರೇ. ಆ ವರ್ಗದ ಶಿಕ್ಷಣವನ್ನು ನಿಲ್ಲಿಸಿ ಪದವೀಧರರನ್ನು ಮಾತ್ರವೇ ಸಿದ್ಧಪಡಿಸಬೇಕೆಂದು ಸಮಿತಿಯ ಬಹುಮತವು ಸೂಚಿಸಿತು. ಕೆಲವು ಸದಸ್ಯರು ಒಪ್ಪಲಿಲ್ಲ. ಸಮಿತಿಯ ಉದ್ದೇಶವು ಘನವಾದದ್ದೇ, ಏಕೆಂದರೆ ಅದು ಬಯಸಿದ್ದು ಸಮಾಜವನ್ನು ಅರಿತ ವೈದ್ಯನನ್ನು. ಆದರೆ ಕಾಲಕ್ರಮದಲ್ಲಿ ಸಿದ್ಧನಾದವನು ತಜ್ಞನಾಗಲು ಹಂಬಲಿಸುವ ಪದವೀಧರ. 1957ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ, ಇಂದಿಗೂ ಜನರು ಕಿಮ್ಸ್ ಎಂದೇ ಕರೆಯುವ ವೈದ್ಯಕೀಯ ಮಹಾವಿದ್ಯಾಲಯವು ಉತ್ತರ ಕರ್ನಾಟಕಕ್ಕೆ ಮಾಡಿದ ಉಪಕಾರವು ಅಪಾರ. ಆದರೂ ಅಂತಹ ಸಂಸ್ಥೆಯು ಸ್ವಭಾವತಃ ರೋಗಿಯನ್ನು ಅಂಗಾಂಗಗಳ ವಿಭಾಗಕ್ರಮದಲ್ಲಿ ಕಾಣುವುದೇ ಹೊರತು ಮನೆಯ ಕ್ರಮದಲ್ಲಿ ಕಾಣಲಾರದು.

ಹಳೆಯ ಪೇಟೆಯ ವೈದ್ಯರನ್ನು ಸುಮ್ಮನೆ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಅವರು ಮೂರು ತಲೆಮಾರಿನವರ ನಾಡಿ ಹಿಡಿದಿರಬಹುದು, ಆದರೆ ಅವರ ಜ್ಞಾನವೆಲ್ಲ ನೆನಪಿನಲ್ಲಿತ್ತು, ಬರಹದಲ್ಲಿರಲಿಲ್ಲ. ಬಂದ ರೋಗಿಯನ್ನು ನೋಡಿದರೇ ವಿನಾ ಬಾರದವನನ್ನು ಹುಡುಕಿ ಹೋಗಲಿಲ್ಲ. ಆ ಕೊರತೆಯನ್ನು ಮೊದಲಿಗೆ ಸ್ಪಷ್ಟವಾಗಿ ತುಂಬಿ ತೋರಿಸಿದವರಲ್ಲಿ ವೇಲ್ಸಿನ ಗಣಿಗಾರರ ಹಳ್ಳಿಯಾದ ಗ್ಲಿನ್‌ಕೊರಗ್‌ನಲ್ಲಿ ವೃತ್ತಿ ನಡೆಸಿದ ಜೂಲಿಯನ್ ಟ್ಯೂಡರ್ ಹಾರ್ಟ್ ಅಗ್ರಗಣ್ಯರು. ಸುಮಾರು ಎರಡು ಸಾವಿರ ಜನರ ಆ ಹಳ್ಳಿಯಲ್ಲಿ ಅವರು 1968ರಿಂದ, ತಲೆನೋವಿದ್ದವರು ಇಲ್ಲದವರು ಎನ್ನದೆ, ವಯಸ್ಕರೆಲ್ಲರ ರಕ್ತದೊತ್ತಡವನ್ನು ಅಳೆದು ದಾಖಲಿಸುತ್ತ, ತಪ್ಪಿಸಿಕೊಂಡವರನ್ನು ಮತ್ತೆ ಕರೆಸುತ್ತ ಹೋದರು. ಸುಮಾರು 25 ವರ್ಷಗಳ ಲೆಕ್ಕವನ್ನು 1991ರಲ್ಲಿ ಪ್ರಕಟಿಸಿದಾಗ ಅಲ್ಲಿ ಅಕಾಲಮರಣವು ನೆರೆಯ ಹಳ್ಳಿಗಿಂತ ಕಡಿಮೆಯೆಂದು ಕಂಡುಬಂದಿತು. ಉತ್ತಮ ಚಿಕಿತ್ಸೆಯು ಅದರ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಕಡಿಮೆ ದೊರೆಯುವುದೆಂದು 1971ರಲ್ಲಿ ಪ್ರತಿಪಾದಿಸಿದವರೂ ಇವರೇ.

ಬಾರದ ರೋಗಿಯನ್ನೂ ಕರೆಸಿ, ದಾಖಲಿಸಿ ಪಾಲಿಸುವ ಈ ವಿಚಾರಕ್ಕೆ 1990ರ ದಶಕದಲ್ಲಿ ಅಮೆರಿಕದ ಸಿಯಾಟಲಿನ ಎಡ್ವರ್ಡ್ ವ್ಯಾಗ್ನರ್ ಒಂದು ವ್ಯವಸ್ಥೆಯ ರೂಪ ಕೊಟ್ಟರು. ಆಸ್ಟ್ರೇಲಿಯವು ಇನ್ನೂ ಮುಂದೆ ಹೋಗಿ, ಕುಟುಂಬ ವೈದ್ಯರು ರೋಗಿಯೊಡನೆ ಕುಳಿತು ಪಾಲನೆಯ ಯೋಜನೆಯನ್ನು ಬರೆಯುವ ಕೆಲಸಕ್ಕೇ 1999ರಿಂದ ಸರ್ಕಾರಿ ವಿಮೆಯ ಹಣವನ್ನು ಗೊತ್ತುಪಡಿಸಿತು. 2005ರಲ್ಲಿ ಅದನ್ನು ಪರಿಷ್ಕರಿಸಿ, 2025ರ ಜುಲೈಯಲ್ಲಿ ಒಂದೇ ಯೋಜನೆಯಾಗಿ ಸರಳಗೊಳಿಸಿತು. ಯಾವ ತಿಂಗಳು ಯಾವ ಪರೀಕ್ಷೆ, ಪಾದ ನೋಡುವವರು ಯಾರು, ಕಣ್ಣು ನೋಡುವವರು ಯಾರು, ರೋಗಿಯು ತಾನೇ ಮಾಡಿಕೊಳ್ಳಬೇಕಾದದ್ದೇನು, ಎಲ್ಲವೂ ಅದರಲ್ಲಿ ಬರೆದಿರತಕ್ಕದ್ದು.

ನಮ್ಮಲ್ಲಿ ಸರ್ಕಾರದ ಪ್ರಯತ್ನವು ತಡವಾಗಿಯೇನೂ ಆರಂಭವಾಗಲಿಲ್ಲ. ಏಳನೆಯ ಪಂಚವಾರ್ಷಿಕ ಯೋಜನೆಯಲ್ಲಿ, 1987ರಲ್ಲಿ, ಮಧುಮೇಹ ನಿಯಂತ್ರಣ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಕೈಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; ಹಣದ ಅಭಾವದಿಂದ ಅದು ಮುಂದುವರಿಯಲಿಲ್ಲ. ರಾಜ್ಯದ ಆರೋಗ್ಯ ಯೋಜನೆಗಳಾದ 2003ರ ಯಶಸ್ವಿನಿಯೂ 2010ರ ವಾಜಪೇಯಿ ಆರೋಗ್ಯಶ್ರೀಯೂ ಶಸ್ತ್ರಚಿಕಿತ್ಸೆಯಂತಹ ದೊಡ್ಡ ಖರ್ಚುಗಳನ್ನು ಹೊತ್ತವಲ್ಲದೆ, ಆ ಖರ್ಚು ಒದಗದಂತೆ ಇಪ್ಪತ್ತು ವರ್ಷ ನುಂಗಬೇಕಾದ ಅಗ್ಗದ ಗುಳಿಗೆಯ ಗೊಡವೆಗೆ ಹೋಗಲಿಲ್ಲ. ಆ ಗೊಡವೆಯನ್ನು ವಹಿಸಿಕೊಂಡದ್ದು 2010ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮ ಮತ್ತು ಅದರ ತರುವಾಯ ಆಶಾ ಕಾರ್ಯಕರ್ತೆಯರಿಂದ ನಡೆದ, 30 ವರ್ಷ ದಾಟಿದವರ ಮನೆಮನೆ ತಪಾಸಣೆ. ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವೂ 35.5 ಮಂದಿಗೆ ಅಧಿಕ ರಕ್ತದೊತ್ತಡವೂ ಇದೆಯೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯು ಹೇಳಿದ ಮೇಲೆ ಇದರ ಅಗತ್ಯವನ್ನು ವಾದಿಸಬೇಕಾಗಿಲ್ಲ. 2022ರ ಡಿಸೆಂಬರಿನಲ್ಲಿ ನಗರದ ಬಡವರಿಗಾಗಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳು ಉದ್ಘಾಟನೆಯಾದದ್ದು ಹುಬ್ಬಳ್ಳಿಯಲ್ಲೇ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯು ತಪಾಸಣೆಯನ್ನೂ ಔಷಧಿಯನ್ನೂ ಮನೆಯ ಬಾಗಿಲಿಗೆ ಒಯ್ಯಲು ಹೊರಟಿತು.

ಹುಬ್ಬಳ್ಳಿಯಲ್ಲಿ ಇಡೀ ಆಯುಷ್ಯದ ಪಾಲನೆಗೆ ಹತ್ತಿರವಾದ ಒಂದು ಉದಾಹರಣೆ ಬಹಳ ಕಾಲದಿಂದ ಇದೆ, ಆದರೆ ಅದನ್ನು ಯಾರೂ ಈ ದೃಷ್ಟಿಯಿಂದ ನೋಡುವುದಿಲ್ಲ: ರೈಲ್ವೆ ಆಸ್ಪತ್ರೆ. ನೌಕರನಿಗೂ ಅವನ ಸಂಸಾರಕ್ಕೂ, ಆರೋಗ್ಯ ಯೋಜನೆಗೆ ಸೇರಿದ ನಿವೃತ್ತನಿಗೂ ಅದೇ ಬಾಗಿಲು. ಮಗ್ಗವನ್ನೋ ಸಣ್ಣ ಅಂಗಡಿಯನ್ನೋ ಖಾನಾವಳಿಯನ್ನೋ ನಂಬಿ ಬಾಳಿದ ಪೇಟೆಯವರಿಗೆ ಅಂತಹ ಬಾಗಿಲಿಲ್ಲ. ನಮ್ಮ ಕ್ಲಿನಿಕ್ಕಿನ ವೇಳೆಯು ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ ಸಂಜೆ 4.30ರವರೆಗಾದುದರಿಂದ ದಿನಗೂಲಿಯವನು ಅಲ್ಲಿಗೆ ಹೋಗಬೇಕಾದರೆ ಕೂಲಿ ಬಿಡಬೇಕು. ಆದ್ದರಿಂದ ಅವನು ರಾತ್ರಿ ತೆರೆದಿರುವ ಖಾಸಗಿ ದವಾಖಾನೆಗೆ ಹೋಗುವನು.

ತೊಡಕು ಇರುವುದು ಇಲ್ಲಿಯೇ. ಸರ್ಕಾರದಲ್ಲಿ ನಮೂನೆಗಳಿವೆ, ನೋಂದಣಿ ಪುಸ್ತಕವಿದೆ, ಮೊಬೈಲಿನಲ್ಲಿ ತುಂಬುವ ಮಾಹಿತಿಯಿದೆ, ಆದರೆ ವೈದ್ಯರು ಬದಲಾಗುತ್ತಿರುವರು. ಖಾಸಗಿ ದವಾಖಾನೆಯಲ್ಲಿ ವೈದ್ಯರು ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿರುವರು, ಆದರೆ ಬರಹವಿಲ್ಲ. ಸಾವಜಿ ಅಡುಗೆಯ ಮನೆಯಲ್ಲಿ ಭಾನುವಾರದ ಮಟನ್ ಸಾರನ್ನು ಪೂರ್ತಿ ಬಿಡಿಸುವುದು ಅಸಾಧ್ಯವೆಂದೂ, ಮೇಲೆ ತೇಲುವ ಎಣ್ಣೆಯನ್ನೂ ಉಪ್ಪನ್ನೂ ತಗ್ಗಿಸುವುದು ಸಾಧ್ಯವೆಂದೂ ಬಲ್ಲವರು ಆ ಓಣಿಯ ವೈದ್ಯರೇ. ದೊಡ್ಡಾಸ್ಪತ್ರೆಯ ಅಚ್ಚಾದ ಪಥ್ಯದ ಹಾಳೆಗೆ ಅದು ತಿಳಿಯದು. ಮೂರು ತಿಂಗಳಿಗೊಮ್ಮೆ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಅಕ್ಷಿಪಟಲ, ಮೂತ್ರದ ಆಲ್ಬುಮಿನ್, ಪಾದಗಳ ಪರೀಕ್ಷೆ, ಇವನ್ನು ಒಂದು ಹಾಳೆಯಲ್ಲಿ ಬರೆದು, ಎಲುಬಿನ ಡಾಕ್ಟರಿಗೊಂದು ಪತ್ರ ಬರೆದು, ಬಾರದ ರೋಗಿಗೆ ಹೇಳಿಕಳುಹಿಸಲು ಆ ವೈದ್ಯರಿಗೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ಅವರು ಜ್ವರ ಕೆಮ್ಮಿನ ಆರು ಜನರನ್ನು ನೋಡಿ ಕಳುಹಿಸಬಲ್ಲರು, ಅದಕ್ಕೆ ಶುಲ್ಕವೂ ಬರುವುದು. ಆ ಅರ್ಧ ಗಂಟೆಗೆ ಹಣ ಕೊಡುವವರು ಈ ತನಕ ರೋಗಿಯೂ ಅಲ್ಲ, ವಿಮೆಯೂ ಅಲ್ಲ, ಸರ್ಕಾರವೂ ಅಲ್ಲ.