ಮಂಜರಾಬಾದಿನಿಂದ ಬಾಳೆಹೊನ್ನೂರಿಗೆ: ಕಾಫಿ ತಳಿಗಳ ಕಥೆ

ಮಾವಿನ ಹಣ್ಣಿನ ಓಟೆ ಎಲ್ಲರಿಗೂ ಗೊತ್ತು. ಕಾಫಿ ಹಣ್ಣಿಗೂ ಓಟೆ ಇದೆ ಎಂದರೆ ಹಲವರಿಗೆ ಅಚ್ಚರಿಯಾದೀತು. ಸಸ್ಯವಿಜ್ಞಾನದ ಪ್ರಕಾರ ಎರಡೂ ಒಂದೇ ಗುಂಪಿನ ಹಣ್ಣುಗಳು. ಬೀಜದ ಮೇಲಿನ ಗಟ್ಟಿ ಹೊದಿಕೆಯೇ ಕಾಫಿಯ ಓಟೆ. ಬೆಳೆಗಾರರು ಅದನ್ನು ಪಾರ್ಚ್‌ಮೆಂಟ್ ಎನ್ನುತ್ತಾರೆ. ಸಕಲೇಶಪುರ, ಆಲೂರು ಬೆಟ್ಟಗಳ ಅರೇಬಿಕಾ ಗಿಡಗಳ ಹಿಂದೆ ಒಂದೂವರೆ ಶತಮಾನಕ್ಕೂ ಮೀರಿದ ಸೋಲು-ಗೆಲುವುಗಳ ಇತಿಹಾಸವಿದೆ.

ಸಕಲೇಶಪುರ ಸೀಮೆಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. 1843ರಲ್ಲಿ ಫ್ರೆಡರಿಕ್ ಗ್ರೀನ್ ಅಲ್ಲಿ ಕಾಫಿ ತೋಟ ಆರಂಭಿಸಿದರು. ಆಗಿನ ತಳಿ 'ಚಿಕ್'. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿಯಿಂದ ಅದು ಕುಸಿಯಿತು. ಅದರ ಬದಲಿಗೆ 'ಕೂರ್ಗ್' ತಳಿ ಬಂದಿತು. ಮಂಜರಾಬಾದಿನ ಬೆಳೆಗಾರ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಬದಲಾವಣೆಯನ್ನು ದಾಖಲಿಸಿದ್ದಾರೆ. ಆದರೆ 1869ರಲ್ಲಿ ಸಿಲೋನಿನಲ್ಲಿ ಗುರುತಿಸಲಾದ ಎಲೆ ತುಕ್ಕು ರೋಗ ಇಲ್ಲಿಗೂ ಹಬ್ಬಿತು. ಅದನ್ನು ತಡೆಯುವ ಶಕ್ತಿ ಕೂರ್ಗ್ ತಳಿಗೆ ಇರಲಿಲ್ಲ.

1911ರಲ್ಲಿ ಮೈಸೂರು ಸಂಸ್ಥಾನದ ಕೆಂಟ್ ಎಂಬ ಬೆಳೆಗಾರರ ತೋಟದಲ್ಲಿ ತುಕ್ಕನ್ನು ತಡೆದುಕೊಂಡ ಗಿಡವೊಂದು ಕಂಡುಬಂದಿತು. ಅದರ ಸಂತತಿಯೇ 'ಕೆಂಟ್ಸ್'. ಕಾಲಕ್ರಮೇಣ ಅದಕ್ಕೂ ರೋಗ ತಗಲಿತು. ಏಕೆ?

ಉತ್ತರ ಬಾಳೆಹೊನ್ನೂರಿನಿಂದ ಬಂದಿತು. ಅಲ್ಲಿ 1925ರಲ್ಲಿ, ಡಾ. ಲೆಸ್ಲಿ ಕೋಲ್ಮನ್ ಅವರು ಮೈಸೂರಿನ ಕೃಷಿ ನಿರ್ದೇಶಕರಾಗಿದ್ದಾಗ, ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಗಿತ್ತು. 1930ರ ದಶಕದಲ್ಲಿ ವಿಲ್ಸನ್ ಮೇನ್ ಅಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ತುಕ್ಕು ಶಿಲೀಂಧ್ರದಲ್ಲಿ ಹಲವು ಉಪವರ್ಗಗಳಿವೆ; ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲಬಹುದು.

ಹೀಗಾಗಿ ಬೇರೆ ಬೇರೆ ಗಿಡಗಳ ನಿರೋಧ ಗುಣಗಳನ್ನು ಒಟ್ಟುಗೂಡಿಸಬೇಕಾಯಿತು. 44 ವರ್ಣತಂತುಗಳ ಅರೇಬಿಕಾಕ್ಕೂ 22 ವರ್ಣತಂತುಗಳ ಲೈಬೆರಿಕಾಕ್ಕೂ ಸಹಜವಾಗಿ ಹುಟ್ಟಿದ್ದೆಂದು ನಂಬಲಾದ ಮಿಶ್ರತಳಿಯಿಂದ ಎಸ್.288 ಎಂಬ ಆಯ್ಕೆ ದೊರೆಯಿತು. ಅದನ್ನು ಕೆಂಟ್ಸ್‌ನೊಂದಿಗೆ ಸಂಕರಿಸಿ ಪಡೆದದ್ದೇ 1940ರ ದಶಕದಲ್ಲಿ ಬಿಡುಗಡೆಯಾದ ಎಸ್.795. ಭಾರತದಲ್ಲಿ ಹೆಚ್ಚಾಗಿ ಬೆಳೆಯುವ ಅರೇಬಿಕಾ ತಳಿಗಳಲ್ಲಿ ಇದೂ ಒಂದು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಎಸ್.795ಕ್ಕೂ ಈಗ ತುಕ್ಕು ತಗಲುತ್ತದೆ. 2007ರಲ್ಲಿ 'ಚಂದ್ರಗಿರಿ' ಎಂಬ ತಳಿ ಬಿಡುಗಡೆಯಾಯಿತು. ಚಿಕ್ ತಳಿಯನ್ನು ಕಾಡಿದ ಕಾಂಡಕೊರಕವಂತೂ ಇಂದಿಗೂ ಅರೇಬಿಕಾ ಬೆಳೆಗಾರನ ದೊಡ್ಡ ಶತ್ರು. ಇದಕ್ಕೆ ಸರಳ ಲೆಕ್ಕವೊಂದಿದೆ. ಶಿಲೀಂಧ್ರಕ್ಕೆ ಹೊಸ ಪೀಳಿಗೆ ಬರಲು ಕೆಲವೇ ವಾರಗಳು ಸಾಕು. ಕಾಫಿ ಸಸಿ ಫಲ ಕೊಡಲು ಮೂರು-ನಾಲ್ಕು ವರ್ಷ ಬೇಕು. ಹೊಸ ತಳಿ ರೂಪಿಸಲು ದಶಕಗಳೇ ಬೇಕು. ಆದ್ದರಿಂದ ಯಾವ ಸುಧಾರಿತ ತಳಿಯ ಗೆಲುವೂ ಶಾಶ್ವತವಲ್ಲ. ಇಳುವರಿ ಕಡಿಮೆಯೆಂದು ಕಡೆಗಣಿಸಿದ ಹಳೆಯ ಗಿಡದಲ್ಲೇ ಮುಂದಿನ ತಳಿಗೆ ಬೇಕಾದ ವಂಶವಾಹಿ ಇರಬಹುದು. ಅಂಥ ಗಿಡಗಳನ್ನು ಕಾಪಾಡುವುದೂ ತಳಿ ಸುಧಾರಣೆಯ ಭಾಗವೇ.