ಹಗೇವಿನಿಂದ ಕಾಳಜಿ ಕೇಂದ್ರಕ್ಕೆ: ಕರ್ನಾಟಕದ ವಿಪತ್ತು ಸಿದ್ಧತೆಯಲ್ಲಿ ಊರಿನ ಪಾಲು

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂತು. ಮನೆ ಕಳೆದುಕೊಂಡವರು ಶಾಲೆ, ಮಠ, ಕಲ್ಯಾಣ ಮಂಟಪಗಳಲ್ಲಿ ತಂಗಿದರು. ಅಧಿಕಾರಿಗಳು, ಪತ್ರಿಕೆಯವರು, ಸಂತ್ರಸ್ತರು ಎಲ್ಲರೂ ಆ ಜಾಗಗಳಿಗೆ ಹೇಳಿದ್ದು ಒಂದೇ ಹೆಸರು: ಗಂಜಿ ಕೇಂದ್ರ. ಊರು ಮುಳುಗಿದ್ದು ನೀರಿನಲ್ಲಿ, ಹೆಸರು ಬಂದಿದ್ದು ಬರಗಾಲದಿಂದ. ಮೈಲಿಗಟ್ಟಲೆ ಹಸಿದು ನಡೆದು ಬಂದವರ ಬಾಯಿಗೆ ಗಂಜಿ ಹೊಯ್ದ ಕಾಲದ ನೆನಪು ಆ ಎರಡು ಪದಗಳಲ್ಲಿ ಕೂತಿದೆ. ಈಚಿನ ವರ್ಷಗಳಲ್ಲಿ ಸರ್ಕಾರಿ ಕಾಗದಗಳಲ್ಲಿ ಇದು 'ಕಾಳಜಿ ಕೇಂದ್ರ' ಆಗಿದೆ. ಹೆಸರು ಬದಲಾಗಿದ್ದು ಒಳ್ಳೆಯದೇ. ಕಷ್ಟಕ್ಕೆ ಸಿಕ್ಕವರನ್ನು ಗಂಜಿಗೆ ಬಂದವರು ಎಂದು ಕರೆಯುವುದರಲ್ಲಿ ಅವಮಾನದ ಎಳೆ ಇತ್ತು. ಆದರೆ ಈ ಲೇಖನ ಕೇಳುವ ಪ್ರಶ್ನೆ ಬೇರೆ. ಗಂಜಿಯಾಗಲಿ ಕಾಳಜಿಯಾಗಲಿ, ಕೇಂದ್ರ ತೆರೆಯುವುದು ಆಪತ್ತು ಬಂದ ಮೇಲೆ. ಬರುವ ಮೊದಲೇ ಊರು ತಾನಾಗಿ ಮಾಡಿಕೊಳ್ಳುತ್ತಿದ್ದ ಏರ್ಪಾಡು ಏನಿತ್ತು, ಅದು ಯಾವಾಗ, ಯಾರ ಕೈಗೆ ಹೋಯಿತು?

ಕನ್ನಡದ ಒಂದು ಪದ ಇಲ್ಲಿ ದಾರಿ ತಪ್ಪಿಸುತ್ತದೆ. 'ಪರಿಹಾರ' ಎಂದರೆ ತೊಂದರೆ ನೀಗುವುದು, ಸರ್ಕಾರ ಕೊಡುವ ಹಣವೂ ಪರಿಹಾರ, ದೋಷ ಕಳೆಯುವ ಶಾಂತಿಯೂ ಪರಿಹಾರ. ಹಳ್ಳಿಯಲ್ಲಿ ಈಗ ಅದಕ್ಕೆ ಉಳಿದಿರುವ ಮುಖ್ಯ ಅರ್ಥ ಚೆಕ್ಕು ಅಥವಾ ಬ್ಯಾಂಕ್ ಖಾತೆಗೆ ಬೀಳುವ ದುಡ್ಡು. ಸಿದ್ಧತೆಯನ್ನು ಹೇಳುವ ಪದಗಳು ಬೇರೆಯೇ ಇದ್ದವು, ಅವೆಲ್ಲ ವಸ್ತುಗಳ ಹೆಸರುಗಳು: ಹಗೇವು, ಕೋಡಿ, ತೂಬು, ಡಂಗುರ.

ನೆಲದೊಳಗಿನ ಧಾನ್ಯ, ಏರಿಯ ಮೇಲಿನ ಕಾವಲು

ಹಗೇವು ಎಂದರೆ ಕಿರಿದಾದ ಬಾಯಿ, ಅಗಲವಾದ ಹೊಟ್ಟೆ ಇರುವಂತೆ ಗಟ್ಟಿ ನೆಲದಲ್ಲಿ ಅಗೆದ ಕಣಜ. ಒಳಗೆ ಹುಲ್ಲು ಹೊದಿಸಿ, ಹಳೇ ಮೈಸೂರಿನಲ್ಲಿ ರಾಗಿ, ಬಯಲುಸೀಮೆಯ ಉತ್ತರಕ್ಕೆ ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಹುಳುವಿಗೆ ಬದುಕಲು ಏನೂ ಉಳಿಯುವುದಿಲ್ಲ. ಹುಳು ಹೊಕ್ಕಲಾರದಷ್ಟು ಸಣ್ಣ ಕಾಳಿನ ರಾಗಿ ಅಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತಿತ್ತು. ಅದಕ್ಕೇ ಹಗೇವು ತೆರೆದೊಡನೆ ಯಾರೂ ಇಳಿಯುವಂತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಸಂಗ್ರಹವೂ ಸುರಕ್ಷತೆಯ ಕ್ರಮವೂ ಒಟ್ಟಿಗೇ ಕಲಿತ ವಿದ್ಯೆಯಾಗಿದ್ದವು.

ಕೆರೆಯ ಕತೆ ಇದಕ್ಕಿಂತ ದೊಡ್ಡದು. ಹಳೇ ಮೈಸೂರಿನ ಕೆರೆಗಳು ಬಿಡಿಬಿಡಿಯಾಗಿರದೆ ಸರಣಿಯಲ್ಲಿ ಇದ್ದವು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಮಳೆ ಹದವಾಗಿದ್ದರೆ ಇದು ವರ. ಮೇಲಿನ ಒಂದು ಏರಿ ಒಡೆದರೆ ಇದೇ ಸರಣಿ ಗಂಡಾಂತರ: ಆ ನೀರು ಕೆಳಗಿನ ಏರಿಯನ್ನು ಒಡೆಯುತ್ತದೆ, ಅದು ಅದರ ಕೆಳಗಿನದನ್ನು. ಆದ್ದರಿಂದ ಕೆರೆ ಕಾಯುವುದು ನೀರು ಹಂಚುವಷ್ಟೇ ಜವಾಬ್ದಾರಿಯ ಕೆಲಸವಾಗಿತ್ತು. ಆಯಗಾರರಲ್ಲಿ ನೀರುಗಂಟಿ ತೂಬು ಎತ್ತಿ ಇಳಿಸುತ್ತಿದ್ದ, ಜೋರು ಮಳೆಯ ರಾತ್ರಿ ಏರಿಯ ಮೇಲೆ ನಡೆದು ಜಿನುಗು, ಬಿರುಕು ನೋಡುತ್ತಿದ್ದ. ತೋಟಿ, ತಳವಾರರು ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ತಮಟೆ ಕೇಳಿದರೆ ಮನೆಗೊಬ್ಬರು ಗುದ್ದಲಿ, ಮಂಕರಿ ಹಿಡಿದು ಏರಿಗೆ ಹೋಗಬೇಕು. ಇದಕ್ಕೆ ಹಣದ ಏರ್ಪಾಡೂ ಇತ್ತು. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ 'ಕಟ್ಟುಕೊಡಗೆ', 'ಬಿತ್ತುವಟ್ಟ' ಎಂಬ ದತ್ತಿಗಳು ಕೆರೆಯ ನಿರ್ಮಾಣ, ನಿರ್ವಹಣೆಗೆ ಮೀಸಲಾದವು. ಹೂಳು ತೆಗೆದು ಏರಿಗೆ ಹಾಕುವ ಬಂಡಿಗೂ ದತ್ತಿ ಬಿಟ್ಟ ಶಾಸನಗಳಿವೆ. ಕೆರೆ ಒಡೆದ ಮೇಲೆ ಕೊಡುವ ಹಣವಲ್ಲ ಇದು, ಒಡೆಯದಿರಲೆಂದು ವರ್ಷ ವರ್ಷ ಕೊಡುತ್ತಿದ್ದ ಹಣ. ಇಂದಿನ ಆಡಳಿತದಲ್ಲಿ ಇದಕ್ಕೆ ಸಮನಾದ ಲೆಕ್ಕಶೀರ್ಷಿಕೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಮುಂದೆ ನೋಡೋಣ.

ಈ ವ್ಯವಸ್ಥೆಯನ್ನು ಚಿನ್ನದ ಕಾಲವೆಂದು ಹಾಡಲು ನನಗೆ ಮನಸ್ಸಿಲ್ಲ. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಕೂಲಿಯವರಿಗೆ, ನೇಕಾರರಿಗೆ ನೆಲದೊಳಗೆ ಹೂಳಿಡಲು ಏನೂ ಇರಲಿಲ್ಲ. ಮಳೆಯಲ್ಲಿ ರಾತ್ರಿಯಿಡೀ ಏರಿ ಕಾದವರು ಬಹುಪಾಲು ದಲಿತ ಮನೆತನಗಳವರು. ಅದೇ ಕೆರೆಯ ನೀರನ್ನು ಮುಟ್ಟುವ ಹಕ್ಕು ಅವರಿಗೆ ಇರಲಿಲ್ಲ. ಊರಿನ ಸಿದ್ಧತೆ ಊರಿನ ಎಲ್ಲರನ್ನೂ ಕಾಯಲಿಲ್ಲ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಚರಿತ್ರೆಗೆ ಮೋಸ.

ಧಾತು, ಈಶ್ವರ ಸಂವತ್ಸರಗಳು

1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೆ ಮುಂದುವರಿದ ಈ ಕ್ಷಾಮ ಮದರಾಸು, ಮುಂಬಯಿ ಪ್ರಾಂತ್ಯಗಳನ್ನೂ ಹೈದರಾಬಾದನ್ನೂ ಹಿಡಿಯಿತು. ಆಗ ಮೈಸೂರು ಇದ್ದದ್ದು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಬೆಳೆಯದಿದ್ದುದನ್ನು ಬಿಟ್ಟೇ, ಎಂಟೂವರೆ ಲಕ್ಷಕ್ಕೂ ಹೆಚ್ಚು ತಲೆಗಳು ಕಡಿಮೆ. ಕರ್ನಾಟಕದ ದಾಖಲಿತ ಚರಿತ್ರೆಯಲ್ಲಿ ಇಷ್ಟು ಜನರನ್ನು ಕೊಂದ ಇನ್ನೊಂದು ವಿಪತ್ತು ನನಗೆ ಕಂಡಿಲ್ಲ.

ಹಗೇವುಗಳು ಎಲ್ಲಿ ಹೋದವು? ಒಂದು ವರ್ಷದ ಬರವನ್ನು ಅವು ತಡೆದವು, ಎರಡನೆಯದನ್ನು ತಡೆಯಲಾರದಾದವು. ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಗಿದ್ದ ರೈತನಿಗೆ ಕಾಳನ್ನು ನೆಲದಲ್ಲಿ ಹೂಳುವುದಕ್ಕಿಂತ ಮಾರುವ ಒತ್ತಡ ಹೆಚ್ಚಿತ್ತು. ರೈಲು ಇದ್ದದ್ದು ಮದರಾಸಿನ ಕಡೆಯಿಂದ ಬೆಂಗಳೂರಿನವರೆಗೆ. ಧಾನ್ಯ ಅಲ್ಲಿಗೆ ಬಂತು, ಅಲ್ಲಿಂದಾಚೆಗೆ ಸಾಗಿಸಬೇಕಾಗಿದ್ದದ್ದು ಎತ್ತಿನ ಗಾಡಿ. ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ಧಾನ್ಯವಿದ್ದ ಕಡೆಗೆ ಜನರೇ ನಡೆದರು. ಗಂಜಿ ಕೇಂದ್ರಗಳು ಪಟ್ಟಣಗಳಲ್ಲಿ, ದೊಡ್ಡ ಊರುಗಳಲ್ಲಿ ತೆರೆದವು. ಅಲ್ಲಿಗೆ ಬಂದವರಲ್ಲಿ ಅನೇಕರು ದಾರಿಯಲ್ಲೇ ಬಿದ್ದರು, ತಲುಪಿದವರನ್ನು ಕಾಲರಾ, ಭೇದಿ ಹಿಡಿದವು. ಊರು ಬಿಟ್ಟವನಿಗೆ ನೆರೆಯವರಿಲ್ಲ, ಗುರುತಿನವರಿಲ್ಲ, ಯಾರು ಉಪವಾಸ ಇದ್ದಾರೆಂದು ತಿಳಿದು ಹೇಳುವ ಗೌಡ, ಶಾನುಭೋಗರಿಲ್ಲ.

ಸರ್ಕಾರದ ಮನಸ್ಸು ಬೇರೆ ಕಡೆ ಇತ್ತು. ಕ್ಷಾಮ ಪ್ರತಿನಿಧಿಯಾಗಿ 1877ರಲ್ಲಿ ದಕ್ಷಿಣಕ್ಕೆ ಬಂದ ರಿಚರ್ಡ್ ಟೆಂಪಲ್ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಎಂದು ಕೂಲಿ ಇಳಿಸಿದ. ಮದರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ. ದುಡಿಯುವ ದೇಹಕ್ಕೆ ಅದು ಸಾಲದೆಂಬುದು ಅವನ ವಾದ. ಖರ್ಚು ಉಳಿಸುವ ಲೆಕ್ಕದ ಎದುರು ಒಬ್ಬ ವೈದ್ಯ ನಿಂತ ಪ್ರಸಂಗ ಇದು, ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾದದ್ದು.

ಈ ಕ್ಷಾಮದಿಂದ ಹುಟ್ಟಿದ್ದೇ ಭಾರತದ ಮೊದಲ ವ್ಯವಸ್ಥಿತ ವಿಪತ್ತು ಆಡಳಿತ. ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಅದರ ಮೇಲೆ ಪ್ರಾಂತ್ಯಗಳ ಕ್ಷಾಮ ಸಂಹಿತೆಗಳು ಬಂದವು. ಆಯೋಗದ ಕಾರ್ಯದರ್ಶಿ ಚಾರ್ಲ್ಸ್ ಎಲಿಯಟ್ ಅದಕ್ಕೆ ಮೊದಲು ಮೈಸೂರಿನ ಕ್ಷಾಮ ಕಮಿಷನರ್ ಆಗಿದ್ದವನು. ಹಾಗಾಗಿ ಮೈಸೂರಿನ ಹೆಣಗಳ ಅನುಭವ ಇಡೀ ದೇಶದ ನಿಯಮಾವಳಿಗೆ ನೇರವಾಗಿ ಹೋಗಿದೆ. ಸಂಹಿತೆಗಳಲ್ಲಿ ಕ್ಷಾಮದ ಮುನ್ಸೂಚನೆಗಳ ಪಟ್ಟಿ ಇರುತ್ತಿತ್ತು: ಧಾನ್ಯದ ಬೆಲೆ ಏರುವುದು, ಜನ ಗೊತ್ತುಗುರಿಯಿಲ್ಲದೆ ಅಲೆಯುವುದು, ಸಣ್ಣಪುಟ್ಟ ಕಳವು ಹೆಚ್ಚುವುದು, ಭಿಕ್ಷೆ ಹುಟ್ಟದಿರುವುದು. ಇವೆಲ್ಲ ಹಳ್ಳಿಯವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುವ ಸಂಗತಿಗಳು. ಈಗ ಅವನ್ನು ಬರೆದು ಮೇಲಕ್ಕೆ ಕಳಿಸುವುದು ಹಳ್ಳಿಯ ಪಾಲಿಗೆ ಬಂತು, ಓದಿ ತೀರ್ಮಾನಿಸುವುದು ಜಿಲ್ಲಾಧಿಕಾರಿಯ ಪಾಲಿಗೆ. ಸಂಹಿತೆ ಮುಂದೆ ಅನೇಕ ಜೀವ ಉಳಿಸಿತೆಂಬುದು ನಿಜ. ಆದರೆ ಆಪತ್ತನ್ನು ಘೋಷಿಸುವ ಅಧಿಕಾರ ಊರಿನಿಂದ ಕಚೇರಿಗೆ ದಾಟಿದ್ದೂ ಆಗಲೇ, ಇಂದಿಗೂ ಅದು ಅಲ್ಲಿಯೇ ಇದೆ.

ಇಲಿ ಬಿದ್ದರೆ ಊರು ಬಿಡು

ಇದಕ್ಕೆ ಹೊರತಾದ ಒಂದು ಪ್ರಸಂಗ ಪ್ಲೇಗಿನದು. 1898ರಲ್ಲಿ ಪ್ಲೇಗು ಧಾರವಾಡ, ಹುಬ್ಬಳ್ಳಿಗಳಿಗೂ ಬೆಂಗಳೂರಿಗೂ ಬಂತು. ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಲಸಿಕೆಯನ್ನು ಆ ವರ್ಷವೇ ದೊಡ್ಡ ಪ್ರಮಾಣದಲ್ಲಿ ಹಾಕಿದರು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ಬೇಗ ಬೆಳೆದವು. ಪಟ್ಟಣಗಳಲ್ಲಿ ಪೊಲೀಸರು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುತ್ತಾರೆಂಬ ಭಯಕ್ಕೆ ಜನ ರೋಗವನ್ನೇ ಮುಚ್ಚಿಟ್ಟರು. ಹಳ್ಳಿಗಳು ತಮ್ಮದೇ ದಾರಿ ಕಂಡುಕೊಂಡವು. ಇಲಿ ಸತ್ತು ಬೀಳತೊಡಗಿದರೆ ಊರಿಗೆ ಊರೇ ಖಾಲಿ. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಬದುಕು. ಇಲಿಗೂ ಚಿಗಟಕ್ಕೂ ರೋಗಕ್ಕೂ ಇರುವ ನಂಟನ್ನು ವೈದ್ಯಲೋಕ ಇನ್ನೂ ಚರ್ಚಿಸುತ್ತಿದ್ದಾಗಲೇ ಈ ರೂಢಿ ಬೇರೂರಿತ್ತು. ಹಳಬರು 'ಊರು ಬಿಟ್ಟ ವರ್ಷ' ಎಂದು ಹೇಳುತ್ತಿದ್ದದ್ದು ಇದನ್ನೇ. ಮುನ್ಸೂಚನೆ, ತೀರ್ಮಾನ, ಸ್ಥಳಾಂತರ, ತಾತ್ಕಾಲಿಕ ವಸತಿ, ಮರಳುವ ದಿನ ಎಲ್ಲವೂ ಊರಿನದೇ. ಮೇಲಿನ ಆದೇಶ ಬರುವ ತನಕ ಕಾಯಬೇಕಾಗಿರಲಿಲ್ಲ.

ಕರಾವಳಿಯಲ್ಲಿ ಇಂಥ ತಿಳಿವು ಈಗಲೂ ಜೀವಂತವಾಗಿದೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕುಮಾರಧಾರಾ ಏರಿ ಬಂದು ಸಹಸ್ರಲಿಂಗೇಶ್ವರನ ಎದುರಿನಲ್ಲಿ ಕೂಡಿದರೆ ಅದನ್ನು 'ಸಂಗಮ' ಎಂದು ಪೂಜಿಸುತ್ತಾರೆ. ಅಷ್ಟರಲ್ಲಿ ಕೆಳಗಿನ ಪೇಟೆಗಳವರು ದೇವಸ್ಥಾನದ ಮೆಟ್ಟಿಲು ಎಷ್ಟು ಉಳಿದಿವೆ ಎಂದು ಕೇಳತೊಡಗಿರುತ್ತಾರೆ. ಭಕ್ತಿಗೆ ಅದು ತೀರ್ಥ, ಬಂಟ್ವಾಳದ ಅಂಗಡಿಯವನಿಗೆ ಸಾಮಾನು ಅಟ್ಟಕ್ಕೇರಿಸುವ ಹೊತ್ತು. 1923ರ ಮಹಾನೆರೆಯನ್ನು 'ಮಾರಿ ಬೊಳ್ಳ' ಎಂದು ನೆನಪಿಟ್ಟುಕೊಂಡ ಜನ ಅವರು.

ರದ್ದಾದ ಹುದ್ದೆ, ಉಳಿದ ಕೆಲಸ

ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರದ್ದು. ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮುಂತಾದ ವಂಶಪಾರಂಪರ್ಯ ಹುದ್ದೆಗಳು ಅಂದು ಕೊನೆಯಾದವು. ನ್ಯಾಯವಾದ ಕಾನೂನು ಅದು. ಹುಟ್ಟಿನಿಂದ ಬಂದ ಬಿಟ್ಟಿ ಚಾಕರಿಯಿಂದ ಸಾವಿರಾರು ಕುಟುಂಬಗಳು ಬಿಡುಗಡೆ ಕಂಡವು. ಆದರೆ ಆ ಹುದ್ದೆಗಳಿಗೆ ಅಂಟಿಕೊಂಡಿದ್ದ ಕೆಲಸಗಳಲ್ಲಿ ಲೆಕ್ಕ ಬರೆಯುವುದಕ್ಕೆ ಗ್ರಾಮಲೆಕ್ಕಿಗ ಬಂದ. ಏರಿ ನಡೆಯುವುದಕ್ಕೆ ಯಾರೂ ಬರಲಿಲ್ಲ. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತಿ ವ್ಯವಸ್ಥೆಗೆ ಸೇರಿದವು. ಇಲಾಖೆಗೆ ಎಂಜಿನಿಯರ್ ಇದ್ದಾರೆ, ಟೆಂಡರ್ ಇದೆ. ನಡುರಾತ್ರಿ ಲಾಟೀನು ಹಿಡಿದು ಕೋಡಿ ನೋಡಿ ಬರುವ ಆಳು ಇಲ್ಲ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ತಿರುವು ಇರುವುದು ಇಲ್ಲಿ. ಅನ್ಯಾಯದ ಹುದ್ದೆಯನ್ನು ತೆಗೆದು, ಅಗತ್ಯದ ಕೆಲಸಕ್ಕೆ ಸಂಬಳದ, ಗೌರವದ ಹುದ್ದೆಯೊಂದನ್ನು ಕಟ್ಟಲು ನಾವು ಮರೆತೆವು.

ಆಮೇಲಿನ ಕಾನೂನಿನ ಕತೆ ದೇಶದ್ದು. 1993ರ ಕಿಲ್ಲಾರಿ ಭೂಕಂಪ, 1999ರ ಒಡಿಶಾ ಚಂಡಮಾರುತ, 2001ರ ಭುಜ್, 2004ರ ಸುನಾಮಿ ಇವುಗಳ ಬೆನ್ನಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜನಪ್ರತಿನಿಧಿ ಸಹಾಧ್ಯಕ್ಷರು. ಸ್ಥಳೀಯ ಸಂಸ್ಥೆಗಳ ಕರ್ತವ್ಯ 41ನೆಯ ಕಲಮಿನಲ್ಲಿದೆ. ಅದೂ ಜಿಲ್ಲಾ ಪ್ರಾಧಿಕಾರದ ನಿರ್ದೇಶನಕ್ಕೆ ಒಳಪಟ್ಟು. ಪಂಚಾಯತಿಗಳಿಗೆ 29 ವಿಷಯಗಳನ್ನು ಒಪ್ಪಿಸುವ ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ವಿಪತ್ತು ನಿರ್ವಹಣೆ ಎಂಬ ಬಾಬು ಇಲ್ಲ. ಹದಿನೈದನೆಯ ಹಣಕಾಸು ಆಯೋಗ ರಾಜ್ಯದ ವಿಪತ್ತು ನಿಧಿಯನ್ನು ಹಂಚಿದ ಬಗೆ ನೋಡಿ: ತುರ್ತು ಪರಿಹಾರಕ್ಕೆ ಶೇ 40, ಪುನರ್ನಿರ್ಮಾಣಕ್ಕೆ ಶೇ 30, ಅಪಾಯ ತಗ್ಗಿಸುವುದಕ್ಕೆ ಶೇ 20, ಸಿದ್ಧತೆ ಮತ್ತು ಸಾಮರ್ಥ್ಯ ಬೆಳೆಸುವುದಕ್ಕೆ ಶೇ 10. ಬಿತ್ತುವಟ್ಟಕ್ಕೆ ಸಮನಾದ ಬಾಬು ಕೊನೆಗೂ ಬಂದಿದೆ, ಹತ್ತರಲ್ಲಿ ಒಂದು ಪಾಲಾಗಿ.

ಪುನರ್ವಸತಿಯಲ್ಲೂ ಇದೇ ಓರೆ ಕಾಣುತ್ತದೆ. 2009ರ ನೆರೆಯ ನಂತರ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ಊರುಗಳನ್ನೇ ಎತ್ತರಕ್ಕೆ ಸ್ಥಳಾಂತರಿಸಿ ಮನೆ ಕಟ್ಟಲಾಯಿತು. ಕೆಲವೆಡೆ ಆ ಮನೆಗಳು ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಾಳು ಇಡಲು ತಾವಿಲ್ಲ. ಮನೆಯ ನಕ್ಷೆ ಬರೆಯುವಾಗ ಅಲ್ಲಿ ಬಾಳಬೇಕಾದ ಹೆಂಗಸರನ್ನು ಕೂರಿಸಿ ಕೇಳಿದ್ದರೆ ಒಂದೇ ಮಧ್ಯಾಹ್ನದಲ್ಲಿ ತಿಳಿಯಬಹುದಾಗಿದ್ದ ಸಂಗತಿಗಳು ಇವು. 2019ರ ಆಗಸ್ಟಿನಲ್ಲಿ ಮಲಪ್ರಭೆ, ಕೃಷ್ಣೆ ಮತ್ತೆ ಉಕ್ಕಿದಾಗ ಹಳೆಯ ಊರುಗಳಲ್ಲಿ ಉಳಿದವರು ಮತ್ತೆ ನೀರಿಗೆ ಸಿಕ್ಕರು. ಕೊಡಗಿನಲ್ಲಿ 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಜಾರಿ ರಸ್ತೆಗಳೇ ಕಡಿದುಹೋದಾಗ, ಹೊರಗಿನ ಪಡೆಗಳು ಬಂದು ಮುಟ್ಟುವ ಮೊದಲು ಕೆಸರಲ್ಲಿ ಹಗ್ಗ ಹಿಡಿದು ಮುದುಕರನ್ನು ಹೊತ್ತು ತಂದವರು ಅಲ್ಲಿಯ ಹುಡುಗರು. ಯಾವ ತೋಟದ ಹಿಂದೆ ಯಾವ ಕಾಲುದಾರಿ ಇದೆ ಎಂಬುದು ಅವರಿಗೆ ಗೊತ್ತಿತ್ತು. ಆ ತಿಳಿವನ್ನು ಮಳೆಗಾಲಕ್ಕೆ ಮೊದಲೇ ಬರೆದಿಟ್ಟುಕೊಂಡ ಪಂಚಾಯತಿ ಎಷ್ಟಿವೆ?

ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 1988ರಲ್ಲೇ ಇಲ್ಲಿ ಬರ ಉಸ್ತುವಾರಿ ಘಟಕ ಶುರುವಾಯಿತು, ದೇಶದಲ್ಲೇ ಅಂಥದು ಮೊದಲನೆಯದು. ಅದೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಕೂರಿಸಿ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ತರಿಸಿಕೊಳ್ಳುವ ಇಂಥ ಜಾಲ ಕಟ್ಟಿದ ರಾಜ್ಯಗಳು ಕಡಿಮೆ. ಆದರೆ ಊರಿನಲ್ಲಿ ಬಿದ್ದ ಮಳೆಯ ಲೆಕ್ಕ ಮೊದಲು ಹೋಗುವುದು ಬೆಂಗಳೂರಿಗೆ. ತನ್ನ ತಲೆಯ ಮೇಲೆ ಎಷ್ಟು ಮಳೆ ಸುರಿದಿದೆ, ಇನ್ನೆಷ್ಟು ಸುರಿಯಲಿದೆ ಎಂದು ತಿಳಿಯಬೇಕಾದ ರೈತ ಆ ಕೇಂದ್ರದ 'ವರುಣಮಿತ್ರ' ಸಹಾಯವಾಣಿಗೆ ಫೋನು ಮಾಡುತ್ತಾನೆ, ಅಲ್ಲಿಂದ ಒಬ್ಬರು ಅವನ ಹೋಬಳಿಯ ಹೆಸರು ಕೇಳಿ ಉತ್ತರ ಹೇಳುತ್ತಾರೆ.